ಗೃಹಸ್ಥರ ವ್ಯವಹಾರ: ದಲ್ಲಾಳಿ ಯಾರ ಕಡೆಯವನು?

ಒಂದು ಕಿಲೋ ತೊಗರಿಬೇಳೆಯನ್ನು ಕೊಳ್ಳುವ ಗೃಹಿಣಿಯು ನಾಲ್ಕು ಅಂಗಡಿ ತಿರುಗಿ, ಕಾಳನ್ನು ಅಂಗೈಗೆ ಹಾಕಿಕೊಂಡು, ಹುಳು ಹಿಡಿದಿಲ್ಲವೆಂದು ನೋಡಿಕೊಂಡ ಮೇಲೆಯೇ ದುಡ್ಡು ಬಿಚ್ಚುವಳು. ಅದೇ ಮನೆಯ ಯಜಮಾನನು ಜೀವಮಾನದಲ್ಲಿ ಒಮ್ಮೆ ಕೊಳ್ಳತಕ್ಕ ನಿವೇಶನವನ್ನು, ಎಂಟು ದಿನಗಳ ಹಿಂದೆ ಪರಿಚಯವಾದ ದಲ್ಲಾಳಿಯ ಮಾತನ್ನೇ ನಂಬಿ, ಒಂದು ಮಧ್ಯಾಹ್ನದಲ್ಲಿ ನೋಡಿ ಮುಗಿಸಿ, ಸಂಚಕಾರವನ್ನು ಕೊಟ್ಟು ಬರುವನು. ಬೇಳೆ ಕೆಟ್ಟರೆ ಒಂದು ದಿನದ ಸಾರು ಕೆಡುವುದು; ನಿವೇಶನ ಕೆಟ್ಟರೆ ಇಪ್ಪತ್ತು ವರ್ಷದ ಉಳಿತಾಯವೂ, ಮಗಳ ಮದುವೆಗೆಂದು ಕೂಡಿಟ್ಟ ಹಣವೂ ಕೋರ್ಟಿನ ಮೆಟ್ಟಿಲ ಮೇಲೆ ಕರಗಿಹೋಗುವುದು. ಆದುದರಿಂದ ದಲ್ಲಾಳಿಯು ಕೊಳ್ಳುವವರಿಗೂ ಮಾರುವವರಿಗೂ ಸಲ್ಲಿಸಬೇಕಾದ ಕರ್ತವ್ಯಗಳು ಯಾವುವು, ಅವನ್ನು ನಾವು ಹೇಗೆ ಕೇಳಿ ಪಡೆಯಬೇಕು ಎಂಬುದನ್ನು ಈ ತಿಂಗಳು ವಿವೇಚಿಸೋಣ.

ನಮ್ಮ ಜಿಲ್ಲೆಯ ವಾಚಕರಿಗೆ ಈ ವಿಷಯವು ದೂರದ್ದಲ್ಲ. ಬಳ್ಳಾರಿ ನಗರವು ಬ್ರೂಸ್‌ಪೇಟೆ, ಕೌಲ್‌ಬಜಾರುಗಳ ಹಳೆಯ ಎಲ್ಲೆಗಳನ್ನು ಎಂದೋ ದಾಟಿ ಸುತ್ತಲಿನ ಹೊಲಗಳ ಮೇಲೆ ಹರಡುತ್ತಿದೆ. ನಿನ್ನೆ ಜೋಳ ಬೆಳೆದ ಎರೆಭೂಮಿಯಲ್ಲಿ ಇಂದು ಬಿಳಿಯ ಕಲ್ಲುಗಳನ್ನು ನೆಟ್ಟು ಸೈಟುಗಳೆಂದು ತೋರಿಸುವರು. ಕುರುಗೋಡು ಪ್ರತ್ಯೇಕ ತಾಲ್ಲೂಕಾದ ಮೇಲೆ ಅಲ್ಲಿಯೂ ನೆಲವನ್ನು ಕೇಳುವವರು ಹೆಚ್ಚಿರುವರು. ಸಿರುಗುಪ್ಪದ ಕಡೆಗೆ ಕಾಲುವೆಯ ನೀರು ಕಂಡ ಭತ್ತದ ಗದ್ದೆಗಳು ಕೈಯಿಂದ ಕೈಗೆ ಹೋಗುವುದು ಇಂದು ನಿನ್ನೆಯ ಮಾತಲ್ಲ. ಈ ಮೂರೂ ಕಡೆಗಳಲ್ಲಿ ಕ್ರಯ ಯಾವುದೇ ಆಗಲಿ, ನಡುವೆ ಒಬ್ಬ ದಲ್ಲಾಳಿ ಇದ್ದೇ ಇರುವನು.

ದಲ್ಲಾಳಿ ಎಂಬ ಶಬ್ದವನ್ನು ನಾವು ಹಗುರವಾಗಿ ಆಡುವುದುಂಟು. ಆದರೆ ಅದರ ಮೂಲವಾದ ಅರಬ್ಬೀ ಮಾತಿಗೆ ದಾರಿ ತೋರುವವನು ಎಂಬ ಅರ್ಥವಿದೆ. ದಾರಿಯನ್ನು ತಿಳಿದವನು ತಿಳಿಯದವನಿಗೆ ತೋರಿಸಿ ಕೂಲಿ ಪಡೆಯುವುದು ಗೌರವದ ಉದ್ಯೋಗವೇ ಸರಿ. ನಮ್ಮ ಸೀಮೆಯಲ್ಲಿ ಅಂಥವನ ಅಗತ್ಯವು ಚರಿತ್ರೆಯಿಂದಲೇ ಬಂದಿದೆ. ೧೮೦೦ರಲ್ಲಿ ನಿಜಾಮನು ಬಿಟ್ಟುಕೊಟ್ಟ ಬಳ್ಳಾರಿಯು ೧೯೫೩ರ ಅಕ್ಟೋಬರ್ ೧ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಆ ದಿನ ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದುವು. ಸಿರುಗುಪ್ಪವನ್ನು ಒಳಗೊಂಡು ಉಳಿದ ಭಾಗವು ಮೈಸೂರಿಗೆ ಬಂದಿತು. ಅದೇ ವರ್ಷ ತುಂಗಭದ್ರಾ ಅಣೆಕಟ್ಟು ಮುಗಿದು, ಮುಂದೆ ಕಾಲುವೆಯ ನೀರು ಹರಿದಂತೆ ಆಂಧ್ರದ ಕರಾವಳಿಯಿಂದ ರೈತರು ಬಂದು ಸಿರುಗುಪ್ಪದ ಸುತ್ತ ಭೂಮಿ ಕೊಂಡು ನೆಲೆಸಿದರು; ಅವರ ‘ಕ್ಯಾಂಪು’ಗಳು ಇಂದಿಗೂ ಆ ಹೆಸರಿನಿಂದಲೇ ಊರುಗಳಾಗಿವೆ. ಹಳೆಯ ಪತ್ರ ತೆಲುಗಿನಲ್ಲಿ, ಹೊಸ ಪಹಣಿ ಕನ್ನಡದಲ್ಲಿ, ಮಾರುವವನು ಒಂದು ಭಾಷೆಯವನು, ಕೊಳ್ಳುವವನು ಇನ್ನೊಂದು ಭಾಷೆಯವನು ಎಂಬಂಥ ಸೀಮೆಯಲ್ಲಿ ನಡುವೆ ನಿಂತು ಎರಡನ್ನೂ ಬಲ್ಲವನು ಬೇಕೇ ಬೇಕು.

ಹಿಂದಿನವರು ಈ ನಡುವಿನ ಕೆಲಸವನ್ನು ಒಬ್ಬನ ಕೈಗೆ ಬಿಡುತ್ತಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮನೆ, ಹೊಲ, ತೋಟಗಳ ಮಾರಾಟದ ಕ್ರಮವನ್ನು ಹೇಳಿದೆ. ನೆರೆಯ ನಲವತ್ತು ಕುಲಗಳವರ ಎದುರಿನಲ್ಲಿ, ಆ ಮನೆಯ ಮುಂದೆಯೇ, ಎಲ್ಲೆಗಳನ್ನು ಹೇಳಿ, ಬೆಲೆಯನ್ನು ಮೂರು ಬಾರಿ ಕೂಗಿ ಸಾರಬೇಕು. ಯಾರೂ ತಕರಾರು ಮಾಡದಿದ್ದರೆ ಆಗ ಕೊಳ್ಳಬಹುದು. ನಮ್ಮ ನಾಡಿನ ಶಿಲಾಶಾಸನಗಳಲ್ಲಿಯೂ, ಸಿಂದ ಅರಸರ ರಾಜಧಾನಿಯಾಗಿದ್ದ ಕುರುಗೋಡಿನ ಕಾಲದಲ್ಲಿಯೂ, ಭೂಮಿಯ ಮಾತು ಬಂದಾಗ ಮೂಡಣ ದಿಕ್ಕಿಗೆ ಇಂಥ ಕಲ್ಲು, ತೆಂಕಣಕ್ಕೆ ಇಂಥ ಕೆರೆ ಎಂದು ನಾಲ್ಕು ಎಲ್ಲೆಗಳನ್ನು ಬರೆಯಿಸುವುದು ರೂಢಿಯಾಗಿತ್ತು. ಭೂಮಿಯ ವ್ಯವಹಾರವು ಗುಟ್ಟಿನಲ್ಲಿ ನಡೆಯಕೂಡದು ಎಂಬುದೇ ಇದರ ತಿರುಳು. ಇಂದು ಆ ನಲವತ್ತು ಮನೆಗಳ ಜಾಗದಲ್ಲಿ ದಲ್ಲಾಳಿಯೊಬ್ಬನೇ ನಿಂತಿದ್ದಾನೆ. ಬೆಲೆಯನ್ನು ಸಾರುವವನೂ ಅವನೇ, ಎಲ್ಲೆಯನ್ನು ತೋರಿಸುವವನೂ ಅವನೇ, ತಕರಾರು ಇದೆಯೆ ಎಂದು ಹೇಳಬೇಕಾದವನೂ ಅವನೇ. ನಲವತ್ತು ಜನರ ಹೊಣೆಯು ಒಬ್ಬನ ಮೇಲೆ ಬಿದ್ದಿರುವಾಗ ಅವನ ಸತ್ಯವು ಎಷ್ಟು ಗಟ್ಟಿಯಾಗಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಮೊದಲ ಪ್ರಶ್ನೆ

ಹಾಗಾದರೆ ದಲ್ಲಾಳಿಯನ್ನು ಕಂಡೊಡನೆ ಗೃಹಸ್ಥನು ಕೇಳಬೇಕಾದ ಮೊದಲ ಪ್ರಶ್ನೆ ಯಾವುದು? ಬೆಲೆಯೆಷ್ಟು ಎಂಬುದಲ್ಲ. “ನೀವು ಯಾರ ಕಡೆಯವರು? ನಿಮಗೆ ದಸ್ತೂರಿ ಕೊಡುವವರು ಯಾರು?” ಎಂಬುದು. ದಸ್ತೂರಿ ಎಂದರೆ ಈಗ ಎಲ್ಲರೂ ಕಮಿಷನ್ನು ಎನ್ನುವುದು. ಇದನ್ನು ಕೇಳಲು ನಮ್ಮವರು ಸಂಕೋಚಪಡುವರು. “ಅಣ್ಣ, ನೀವು ಇರುವಾಗ ನಮಗೇನು ಭಯ” ಎಂದು ಹೇಳಿ ಕೈಮುಗಿಯುವರು. ಅಣ್ಣನೆಂದು ಕರೆದ ಮಾತ್ರಕ್ಕೆ ಅವನು ನಮ್ಮ ಕಡೆಯವನಾಗುವುದಿಲ್ಲ. ಒಬ್ಬನು ತನ್ನ ಜಮೀನನ್ನು ಮಾರಿಕೊಡೆಂದು ದಲ್ಲಾಳಿಗೆ ಒಪ್ಪಿಸಿದ್ದರೆ, ಆ ದಲ್ಲಾಳಿಯು ಕಾನೂನಿನಲ್ಲಿ ಅವನ ಏಜೆಂಟನು, ಆತನಿಗೆ ನಿಷ್ಠನಾಗಿರತಕ್ಕವನು. ಕೊಳ್ಳುವವನಿಗೆ ಅವನು ಸುಳ್ಳು ಹೇಳಕೂಡದು, ಮೋಸ ಮಾಡಕೂಡದು. ಆದರೆ ಕೊಳ್ಳುವವನಿಗಾಗಿ ಬೆಲೆ ಇಳಿಸುವುದು ಅವನ ಕೆಲಸವಲ್ಲ. ಒಬ್ಬನಿಗೆ ನಿಷ್ಠೆ, ಇಬ್ಬರಿಗೂ ಸತ್ಯ. ದಲ್ಲಾಳಿಯ ಧರ್ಮವೆಲ್ಲವೂ ಈ ಎರಡು ಮಾತುಗಳಲ್ಲಿ ಅಡಗಿದೆ.

ಮಾರುವವನಿಗೆ ಸಲ್ಲತಕ್ಕದ್ದು

ಏಜೆಂಟನ ಕರ್ತವ್ಯಗಳನ್ನು ೧೮೭೨ರ ಕರಾರು ಕಾಯಿದೆಯು ಸ್ಪಷ್ಟವಾಗಿ ಹೇಳಿದೆ. ಒಪ್ಪಿಸಿದವನ ಆಜ್ಞೆಯಂತೆ ನಡೆಯಬೇಕು. ಆ ಕಸುಬಿನವರಿಗೆ ಸಹಜವಾದ ಜಾಣ್ಮೆಯನ್ನೂ ಜಾಗರೂಕತೆಯನ್ನೂ ತೋರಬೇಕು. ಕೇಳಿದಾಗ ಲೆಕ್ಕ ಒಪ್ಪಿಸಬೇಕು. ತೊಡಕು ಬಂದರೆ ಯಜಮಾನನಿಗೆ ತಿಳಿಸಿ ಅವನ ಅಭಿಪ್ರಾಯವನ್ನು ಪಡೆಯಬೇಕು. ಅವನ ಪರವಾಗಿ ಬಂದ ಹಣವನ್ನು ಅವನಿಗೇ ಸಲ್ಲಿಸಬೇಕು. ಇವೆಲ್ಲಕ್ಕಿಂತ ಮಿಗಿಲಾಗಿ, ಯಜಮಾನನಿಗೆ ತಿಳಿಸದೆ ಆ ವ್ಯವಹಾರದಲ್ಲಿ ತಾನೇ ವ್ಯಾಪಾರಿಯಾಗಕೂಡದು.

ಈ ಕೊನೆಯ ಮಾತನ್ನು ಒಂದು ಕಲ್ಪಿತ ದೃಷ್ಟಾಂತದಿಂದ ತಿಳಿಯೋಣ. ಕುರುಗೋಡಿನ ಕಡೆಯ ಒಬ್ಬ ವಿಧವೆಗೆ ಎರಡು ಎಕರೆ ಜಮೀನಿದೆ; ಮಗನ ಓದಿಗಾಗಿ ಅದನ್ನು ಮಾರಬೇಕಾಗಿದೆ. ದಲ್ಲಾಳಿಯು ಬಂದು, “ಅಮ್ಮಾ, ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಯಾರೂ ಕೇಳುವುದಿಲ್ಲ” ಎನ್ನುವನು. ತನ್ನ ಗೆಳೆಯನೊಬ್ಬನ ಹೆಸರಿಗೆ ಕ್ರಯದ ಕರಾರನ್ನು ಬರೆಯಿಸಿ, ಒಂದು ಲಕ್ಷ ಸಂಚಕಾರ ಕೊಡಿಸಿ, ಮೂರು ತಿಂಗಳ ಗಡುವನ್ನು ಹಾಕಿಸುವನು. ಆ ಮೂರು ತಿಂಗಳಲ್ಲಿ ಸಿರುಗುಪ್ಪದಲ್ಲೋ ಬಳ್ಳಾರಿಯಲ್ಲೋ ಇಪ್ಪತ್ತೈದು ಲಕ್ಷಕ್ಕೆ ಕೊಳ್ಳುವವನನ್ನು ಹುಡುಕುವನು. ನೋಂದಣಿಯ ದಿನ ಪತ್ರವು ವಿಧವೆಯಿಂದ ನೇರವಾಗಿ ಹೊಸಬನ ಹೆಸರಿಗೆ ಆಗುವುದು. ಆಕೆಗೆ ಬಂದುದು ಇಪ್ಪತ್ತು. ಹೊಸಬನು ಕೊಟ್ಟುದು ಇಪ್ಪತ್ತೈದು. ನಡುವಿನ ಐದು ಲಕ್ಷವು ದಲ್ಲಾಳಿಯ ಪಾಲು. ಇದರ ಮೇಲೆ ಇಬ್ಬರಿಂದಲೂ ದಸ್ತೂರಿ! ‘ಅಗ್ರಿಮೆಂಟಿನ ಮೇಲೆ ಮಾರುವುದು’ ಎಂದು ಇದಕ್ಕೆ ಹೆಸರು. ಅನೇಕರು ಇದನ್ನು ಜಾಣತನವೆಂದು ಎಣಿಸುವರು. ಕಾನೂನು ಹಾಗೆ ಎಣಿಸುವುದಿಲ್ಲ. ಯಜಮಾನನಿಗೆ ತಿಳಿಯದೆ ಏಜೆಂಟನು ತನಗಾಗಿ ವ್ಯಾಪಾರ ಮಾಡಿ ಪಡೆದ ಲಾಭವನ್ನು ಯಜಮಾನನು ಕೇಳಿ ಪಡೆಯಬಹುದೆಂದು ಆ ಕಾಯಿದೆಯ ೨೧೬ನೆಯ ಕಲಮು ಹೇಳುವುದು. ಕೆಲಸದಲ್ಲಿ ಅಪನಡತೆ ತೋರಿದ ಏಜೆಂಟನಿಗೆ ಆ ಭಾಗದ ಸಂಬಳವೂ ಸಲ್ಲದೆಂದು ೨೨೦ನೆಯ ಕಲಮು ಹೇಳುವುದು. ದಲ್ಲಾಳಿಯು, “ಅಮ್ಮಾ, ನಾನೇ ಕೊಳ್ಳುತ್ತೇನೆ, ಲಾಭ ಬಂದರೆ ನನ್ನದು” ಎಂದು ಮೊದಲೇ ಬಿಚ್ಚಿ ಹೇಳಿದ್ದರೆ ಅದು ವ್ಯಾಪಾರ. ಆಕೆ ಬೇರೆಯವರನ್ನು ವಿಚಾರಿಸಿ ಬೆಲೆ ನಿಶ್ಚಯಿಸಿಕೊಳ್ಳುತ್ತಿದ್ದಳು. ತಪ್ಪು ಇರುವುದು ಲಾಭದಲ್ಲಿ ಅಲ್ಲ, ಮರೆಮಾಚಿದುದರಲ್ಲಿ.

ಇಂಗ್ಲೆಂಡಿನ ನ್ಯಾಯಾಲಯಗಳು ಈ ನಿಯಮವನ್ನು ಎಷ್ಟು ಬಿಗಿಯಾಗಿ ಹಿಡಿದುವೆಂಬುದಕ್ಕೆ ೧೯೦೩ರ ಆಂಡ್ರೂಸ್ ಮತ್ತು ರ‍್ಯಾಮ್ಸೆ ಎಂಬವರ ವ್ಯಾಜ್ಯವೇ ಸಾಕ್ಷಿ. ಮಾರುವವನಿಂದ ೫೦ ಪೌಂಡು ದಸ್ತೂರಿಗೆ ಒಪ್ಪಿದ್ದ ದಲ್ಲಾಳಿಯು ಕೊಂಡವನಿಂದ ಗುಟ್ಟಾಗಿ ೨೦ ಪೌಂಡು ತೆಗೆದುಕೊಂಡನು. ಆ ಇಪ್ಪತ್ತನ್ನು ಮಾರಿದವನಿಗೆ ಒಪ್ಪಿಸಿದುದು ಮಾತ್ರವಲ್ಲ, ಮೊದಲಿನ ಐವತ್ತನ್ನೂ ಕಳೆದುಕೊಳ್ಳಬೇಕಾಯಿತು. ಅಪನಿಷ್ಠನಿಗೆ ಕೂಲಿಯಿಲ್ಲ ಎಂಬುದು ಅಲ್ಲಿಯ ತೀರ್ಪಿನ ಸಾರ. ೧೯೨೭ರಲ್ಲಿ ವರದಿಯಾದ ಇನ್ನೊಂದು ವ್ಯಾಜ್ಯದಲ್ಲಿ, ಒಬ್ಬನ ಬೆಲೆಗೆ ಕರಾರಿಗೆ ಒಳಪಟ್ಟ ಒಪ್ಪಿಗೆಯಾದ ಮೇಲೆ ಮತ್ತೊಬ್ಬನು ಹೆಚ್ಚು ಕೊಡುವೆನೆಂದುದನ್ನು ದಲ್ಲಾಳಿಯು ಮಾರುವವನಿಗೆ ತಿಳಿಸಲಿಲ್ಲ. ಕರಾರು ಬಿಗಿಯಾಗುವವರೆಗೂ ಬಂದ ಬೆಲೆಯನ್ನೆಲ್ಲ ತಿಳಿಸುವುದು ಅವನ ಕರ್ತವ್ಯವಾಗಿತ್ತೆಂದು ತೀರ್ಪಾಯಿತು. ಆದುದರಿಂದ ಮಾರುವವರು ದಲ್ಲಾಳಿಯನ್ನು ಹೀಗೆ ಕೇಳಿರಿ: “ಈವರೆಗೆ ಯಾರು ಯಾರು ಕೇಳಿದರು? ಎಷ್ಟಕ್ಕೆ ಕೇಳಿದರು?” ನೋಂದಣಿಗೆ ಮುಂಚೆ ಕೊಳ್ಳುವವನನ್ನು ಎದುರಿಗೆ ಕೂರಿಸಿಕೊಂಡು, ಅವನು ಕೊಡುವ ಬೆಲೆಯನ್ನು ಅವನ ಬಾಯಿಂದಲೇ ಕೇಳಿರಿ. ಆ ಭೇಟಿಯನ್ನು ತಪ್ಪಿಸಲು ಹವಣಿಸುವ ದಲ್ಲಾಳಿಯ ವಿಷಯದಲ್ಲಿ ಎಚ್ಚರವಾಗಿರಿ.

ಕೊಳ್ಳುವವನಿಗೆ ಸಲ್ಲತಕ್ಕದ್ದು

ದಲ್ಲಾಳಿಯು ಮಾರುವವನ ಕಡೆಯವನೇ ಆಗಿದ್ದರೂ ಕೊಳ್ಳುವವನಿಗೆ ತಿಳಿದೂ ಮರೆಮಾಚಕೂಡದು. ಸ್ವತ್ತಿನಲ್ಲಾಗಲಿ ಹಕ್ಕಿನಲ್ಲಾಗಲಿ ತನಗೆ ಗೊತ್ತಿರುವ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾರದ, ಮುಖ್ಯವಾದ ದೋಷವನ್ನು ಮಾರುವವನು ತಿಳಿಸಲೇಬೇಕೆಂದು ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ೫೫ನೆಯ ಕಲಮು ವಿಧಿಸುತ್ತದೆ. ಒಡೆಯನಿಗೆ ಸುಳ್ಳು ಹೇಳುವ ಹಕ್ಕು ಇಲ್ಲದಿರುವಾಗ ಅವನ ಪರವಾಗಿ ಮಾತನಾಡುವವನಿಗೆ ಅದು ಎಲ್ಲಿಂದ ಬಂದೀತು?

ನಮ್ಮ ಸೀಮೆಯಲ್ಲಿ ಇಂಥ ದೋಷಗಳು ಯಾವ ರೂಪದಲ್ಲಿ ಬರುವುವೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಮೊದಲನೆಯದು ನೆಲ. ಎರೆಭೂಮಿಯು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದು. ಅದರ ಮೇಲೆ ಸಾಮಾನ್ಯ ತಳಹದಿ ಹಾಕಿ ಕಟ್ಟಿದ ಮನೆಯ ಗೋಡೆ ಎರಡು ವರ್ಷಕ್ಕೆ ಸೀಳು ಬಿಡುವುದು. ಸುಣ್ಣ ಬಳಿದು ಆ ಸೀಳನ್ನು ಮುಚ್ಚಿ ತೋರಿಸುವುದು ಸುಲಭ. ಕಾಲುವೆಯ ಬದಿಯ ತಗ್ಗಿನ ಗದ್ದೆಗಳಿಗೆ ನೀರು ಬಸಿದು ಬಸಿದು ಭೂಮಿಯು ಸವಳು ಜವಳಾಗುವುದು ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಪರಿಚಿತವಾದ ಕಷ್ಟ. ಬೇಸಗೆಯಲ್ಲಿ ನೋಡಿದವನಿಗೆ ಅದು ಒಳ್ಳೆಯ ಗದ್ದೆಯಂತೆಯೇ ಕಾಣುವುದು. ನದಿ, ಹಗರಿ, ಹಳ್ಳಗಳ ತಗ್ಗಿನಲ್ಲಿ ಮಾಡಿದ ಸೈಟುಗಳಿಗೆ ಮಳೆಗಾಲದಲ್ಲಿ ನೀರು ನುಗ್ಗುವುದೋ ಇಲ್ಲವೋ ಎಂಬುದು ಸ್ಥಳೀಯನಾದ ದಲ್ಲಾಳಿಗೆ ತಿಳಿಯದ ಮಾತಲ್ಲ.

ಎರಡನೆಯದು ಅಳತೆ. ಮದ್ರಾಸಿನ ಆಡಳಿತದ ಕಾಲದಿಂದ ನಮ್ಮಲ್ಲಿ ಎಕರೆ, ಸೆಂಟುಗಳ ಲೆಕ್ಕ ಬಂದಿದೆ. ಹಳೆಯ ಮೈಸೂರಿನಲ್ಲಿ ಎಕರೆ, ಗುಂಟೆ. ಎಕರೆಗೆ ೧೦೦ ಸೆಂಟು, ೪೦ ಗುಂಟೆ. ಪತ್ರದಲ್ಲಿ ‘೨-೨೦’ ಎಂದು ಇದ್ದರೆ ಬಳ್ಳಾರಿಯವನು ಎರಡೆಕರೆ ಇಪ್ಪತ್ತು ಸೆಂಟು ಎಂದು ಓದುವನು. ಬೇರೆ ಕಡೆಯಿಂದ ಬಂದವನು ಇಪ್ಪತ್ತು ಗುಂಟೆಯೆಂದು ತಿಳಿದು ಎರಡೂವರೆ ಎಕರೆಗೆ ಬೆಲೆ ಕಟ್ಟುವನು. ವ್ಯತ್ಯಾಸವು ಮೂವತ್ತು ಸೆಂಟು! ಇಂಥಲ್ಲಿ ಬಾಯಿ ಮುಚ್ಚಿಕೊಂಡಿರುವುದೂ ಸುಳ್ಳೇ ಆಗುವುದು.

ಮೂರನೆಯದು ಹಕ್ಕು. ಪಹಣಿಯಲ್ಲಿ ಅಣ್ಣನೊಬ್ಬನ ಹೆಸರು ಇರುವುದನ್ನು ತೋರಿಸಿ, “ಅಕ್ಕತಂಗಿಯರು ಮದುವೆಯಾಗಿ ಹೋಗಿದ್ದಾರೆ, ಅವರ ರುಜು ಏಕೆ?” ಎನ್ನುವ ದಲ್ಲಾಳಿಗಳು ಇನ್ನೂ ಇರುವರು. ಕರ್ನಾಟಕವು ೧೯೯೪ರಲ್ಲಿಯೂ, ಇಡೀ ದೇಶವು ೨೦೦೫ರಲ್ಲಿಯೂ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮಾನವಾದ ಹುಟ್ಟುಹಕ್ಕನ್ನು ಕೊಟ್ಟಿತು. ೨೦೨೦ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಥಿರಪಡಿಸಿತು. ಅಕ್ಕತಂಗಿಯರನ್ನು ಬಿಟ್ಟು ಪಿತ್ರಾರ್ಜಿತವನ್ನು ಕೊಂಡವನು ವಿಭಾಗದ ದಾವೆಯನ್ನೂ ಜೊತೆಗೆ ಕೊಂಡಂತೆಯೇ. ಇನ್ನು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರಕಾರವು ಮಂಜೂರು ಮಾಡಿದ ಜಮೀನುಗಳನ್ನು ಸರಕಾರದ ಪೂರ್ವಾನುಮತಿಯಿಲ್ಲದೆ ಮಾರಕೂಡದೆಂದು ೧೯೭೮ರ ಕರ್ನಾಟಕ ಕಾಯಿದೆಯು ವಿಧಿಸಿದೆ. ಅನುಮತಿಯಿಲ್ಲದೆ ಕೊಂಡರೆ ಜಮೀನು ಮೂಲ ಮಂಜೂರಿದಾರನಿಗೆ ಅಥವಾ ಅವನ ವಾರಸುದಾರರಿಗೆ ಹಿಂದಿರುಗತಕ್ಕದ್ದು. ಆ ಬಡಕುಟುಂಬದ ರಕ್ಷಣೆಗಾಗಿಯೇ ಆ ಕಾಯಿದೆ ಹುಟ್ಟಿತು. ಅಗ್ಗವೆಂದು ಆಸೆ ತೋರಿಸಿ ಅಂಥ ಜಮೀನನ್ನು ಕೊಡಿಸುವ ದಲ್ಲಾಳಿಯು ಮಾರಿದವನಿಗೂ ಕೊಂಡವನಿಗೂ ಒಟ್ಟಿಗೇ ದ್ರೋಹ ಮಾಡುವನು.

ನಾಲ್ಕನೆಯದು ಉಪಯೋಗ. ಕೃಷಿಯ ಜಮೀನನ್ನು ಭೂಪರಿವರ್ತನೆ ಮಾಡಿಸದೆ, ಬಡಾವಣೆಯ ನಕ್ಷೆಗೆ ಮಂಜೂರಿ ಪಡೆಯದೆ, ಕಲ್ಲು ನೆಟ್ಟು ಮಾರುವ ‘ರೆವಿನ್ಯೂ ಸೈಟು’ಗಳು ಎಲ್ಲ ಊರುಗಳ ಅಂಚಿನಲ್ಲಿಯೂ ಇವೆ. “ಆಮೇಲೆ ಸರಿಯಾಗುತ್ತದೆ” ಎಂಬುದು ಅಲ್ಲಿಯ ಮಂತ್ರ. ಪರಿವರ್ತನೆಯ ಆಜ್ಞೆಯನ್ನೂ, ಬಳ್ಳಾರಿ ನಗರದ ಸುತ್ತಲಾದರೆ ನಗರಾಭಿವೃದ್ಧಿ ಪ್ರಾಧಿಕಾರವು ಒಪ್ಪಿದ ನಕ್ಷೆಯನ್ನೂ ಕಣ್ಣಾರೆ ಕಾಣದೆ ಆ ಮಂತ್ರಕ್ಕೆ ತಲೆದೂಗಬೇಡಿರಿ.

ದಲ್ಲಾಳಿಯು ಋಣಭಾರ ಪತ್ರವನ್ನು ತಂದು ಮುಂದಿಟ್ಟು, “ಇದೋ, ಎಲ್ಲ ಶುದ್ಧವಾಗಿದೆ” ಎಂದರೆ ಅಷ್ಟಕ್ಕೇ ತೃಪ್ತರಾಗಕೂಡದು. ನೋಂದಣಿಯಾದ ಕ್ರಯ, ಅಡಮಾನ ಮೊದಲಾದುವು ಮಾತ್ರ ಆ ಪತ್ರದಲ್ಲಿ ಬರುವುವು. ನೋಂದಣಿಯಾಗದ ಕರಾರು, ಬಾಯಿಮಾತಿನ ಗೇಣಿ, ಮನೆಯ ಬೀರುವಿನಲ್ಲಿರುವ ಮರಣಶಾಸನ ಇವು ಅದರಲ್ಲಿ ಕಾಣಿಸುವುದಿಲ್ಲ. ಅದಕ್ಕಾಗಿ ಸ್ವತಂತ್ರನಾದ ವಕೀಲನೂ, ಅಕ್ಕಪಕ್ಕದ ಹೊಲದವರ ಮಾತೂ ಬೇಕು.

“ನನಗೇನು ಗೊತ್ತು, ಒಡೆಯ ಹೇಳಿದ್ದನ್ನು ನಾನು ಹೇಳಿದೆ” ಎಂಬುದು ಸಿಕ್ಕಿಬಿದ್ದ ದಲ್ಲಾಳಿಯ ಕೊನೆಯ ಮಾತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮಣ್ಣು ತುಂಬಿಸಿದ ಜಾಗದಲ್ಲಿ ಕಟ್ಟಿದ ಒಂದು ಮನೆಯು ಮಾರಾಟವಾದ ಕೆಲ ಕಾಲಕ್ಕೆ ಅದರ ಕೆಳಗಿನ ನೆಲವು ಜಾರಿತು. ದಿಣ್ಣೆಗೆ ಬಲೆ ಹೊದಿಸಿದ್ದನ್ನೂ, ನೆಲಗಟ್ಟು ಏರುಪೇರಾಗಿದ್ದನ್ನೂ ದಲ್ಲಾಳಿಗಳು ಕಂಡಿದ್ದರೂ ವಿಚಾರಿಸಿರಲಿಲ್ಲ, ತಿಳಿಸಿರಲೂ ಇಲ್ಲ. ೧೯೮೪ರಲ್ಲಿ ಅಲ್ಲಿಯ ನ್ಯಾಯಾಲಯವು, ತಿಳಿದಿದ್ದನ್ನು ಹೇಳುವುದು ಮಾತ್ರವಲ್ಲ, ಸಮರ್ಥನಾದ ದಲ್ಲಾಳಿಯು ನೋಡಿದರೆ ತಿಳಿಯಬಹುದಾದುದನ್ನು ನೋಡಿ ಹೇಳುವುದೂ ಕರ್ತವ್ಯವೆಂದು ತೀರ್ಪು ಕೊಟ್ಟಿತು. ನಮ್ಮ ದೇಶದಲ್ಲಿ ಆ ತೀರ್ಪು ಕಾನೂನಲ್ಲ. ಆದರೆ ಸವಳು ಹಿಡಿದ ಗದ್ದೆಯ ಬದುವಿನ ಮೇಲೆ ನಿಂತು, ಕಾಲಿನ ಕೆಳಗಿನ ಬಿಳುಪನ್ನು ನೋಡದಂತೆ ನಟಿಸುವವನಿಗೆ ಅದು ಒಳ್ಳೆಯ ಪಾಠ.

ಎರಡೂ ಕಡೆಯ ದಸ್ತೂರಿ

ನಮ್ಮಲ್ಲಿ ದಲ್ಲಾಳಿಯು ಇಬ್ಬರಿಂದಲೂ ನೂರಕ್ಕೆ ಒಂದೋ ಎರಡೋ ಎಂದು ಪಡೆಯುವ ರೂಢಿಯುಂಟು. ಇದು ತಾನಾಗಿಯೇ ಪಾಪವಲ್ಲ. ಇಬ್ಬರಿಗೂ ತಿಳಿದು, ಇಬ್ಬರೂ ಒಪ್ಪಿದ್ದರೆ ದೋಷವಿಲ್ಲ. ಆದರೆ ಹಾಗೆ ಒಪ್ಪಿದ ಮೇಲೆ ಅವನು ಯಾರ ವಕೀಲನೂ ಅಲ್ಲ, ಸಂದೇಶ ಒಯ್ಯುವ ಮಧ್ಯಸ್ಥನು. ಮಾರುವವನಿಗೆ ಸಾಲದ ಅವಸರವಿದೆಯೆಂಬುದನ್ನು ಕೊಳ್ಳುವವನಿಗೂ, ಕೊಳ್ಳುವವನು ಇನ್ನೂ ಎರಡು ಲಕ್ಷ ಏರಬಲ್ಲನೆಂಬುದನ್ನು ಮಾರುವವನಿಗೂ ಅವನು ಹೇಳಕೂಡದು. ಅಂಥವನ ಮುಂದೆ ನಮ್ಮ ಕೊನೆಯ ಬೆಲೆಯನ್ನು ನಾವೂ ಬಾಯಿ ಬಿಡಕೂಡದು. ಒಂದು ಕಡೆಯಿಂದ ಬಹಿರಂಗವಾಗಿಯೂ ಇನ್ನೊಂದು ಕಡೆಯಿಂದ ಗುಟ್ಟಾಗಿಯೂ ಪಡೆಯುವುದಾದರೆ ಅದಕ್ಕೆ ದಸ್ತೂರಿಯೆಂಬ ಹೆಸರು ಸಲ್ಲದು, ಅದು ಲಂಚ.

೨೦೧೬ರ ಕಾಯಿದೆ

ಬಡಾವಣೆಗಳ ನಿವೇಶನಗಳಿಗೂ ಫ್ಲಾಟುಗಳಿಗೂ ಸಂಬಂಧಿಸಿದಂತೆ ಜನರು ‘ರೇರಾ’ ಎನ್ನುವ ಕೇಂದ್ರ ಕಾಯಿದೆಯು ೨೦೧೬ರಲ್ಲಿ ಹುಟ್ಟಿ ೨೦೧೭ರ ಮೇ ೧ರಿಂದ ಪೂರ್ಣವಾಗಿ ಜಾರಿಗೆ ಬಂದಿದೆ. ೫೦೦ ಚದರ ಮೀಟರಿಗಿಂತ, ಎಂದರೆ ನಮ್ಮ ಲೆಕ್ಕದಲ್ಲಿ ಹನ್ನೆರಡು ಸೆಂಟಿಗೆ ತುಸು ಹೆಚ್ಚಾದ ನೆಲಕ್ಕಿಂತ ದೊಡ್ಡದಾದ ಬಡಾವಣೆಯನ್ನು ಪ್ರಾಧಿಕಾರದಲ್ಲಿ ನೋಂದಾಯಿಸದೆ ಮಾರಕೂಡದು. ಅಂಥ ಬಡಾವಣೆಯ ಸೈಟನ್ನು ಕೊಡಿಸುವ ದಲ್ಲಾಳಿಯೂ ತನ್ನ ಹೆಸರನ್ನು ನೋಂದಾಯಿಸಿಕೊಂಡಿರಬೇಕು. ತಾನು ನಡೆಸುವ ಪ್ರತಿಯೊಂದು ವ್ಯವಹಾರದಲ್ಲಿಯೂ ಆ ಸಂಖ್ಯೆಯನ್ನು ಬರೆಯಬೇಕು. ನೋಂದಣಿಯಾಗದ ಬಡಾವಣೆಯನ್ನು ಅವನು ಮಾರಿಸಕೂಡದು, ಲೆಕ್ಕಪತ್ರಗಳನ್ನು ಇಡಬೇಕು, ಇಲ್ಲದ ಸೌಕರ್ಯವನ್ನು ಇದೆಯೆಂದು ಹೇಳಕೂಡದು, ಕೊಳ್ಳುವವನಿಗೆ ಸಲ್ಲಬೇಕಾದ ಎಲ್ಲ ವಿವರಗಳೂ ಪತ್ರಗಳೂ ಅವನ ಕೈಸೇರುವಂತೆ ನೆರವಾಗಬೇಕು. ತಪ್ಪಿದರೆ ದಿನಕ್ಕೆ ೧೦,೦೦೦ ರೂಪಾಯಿಯಂತೆ, ಸ್ವತ್ತಿನ ಬೆಲೆಯ ನೂರಕ್ಕೆ ೫ರವರೆಗೂ ದಂಡವುಂಟು. ಕರಾರನ್ನು ಬರೆದು ನೋಂದಾಯಿಸುವುದಕ್ಕೆ ಮುಂಚೆ ಬಡಾವಣೆಯವರು ಬೆಲೆಯ ನೂರಕ್ಕೆ ೧೦ಕ್ಕಿಂತ ಹೆಚ್ಚನ್ನು ಮುಂಗಡವಾಗಿ ತೆಗೆದುಕೊಳ್ಳುವಂತಿಲ್ಲ. ಬಡಾವಣೆಯ ಸಂಖ್ಯೆಯನ್ನೂ ದಲ್ಲಾಳಿಯ ಸಂಖ್ಯೆಯನ್ನೂ ಕರ್ನಾಟಕದ ಪ್ರಾಧಿಕಾರದ ಜಾಲತಾಣದಲ್ಲಿ ಮನೆಯಲ್ಲಿ ಕುಳಿತೇ ನೋಡಬಹುದು. ಮಕ್ಕಳ ಕೈಯಲ್ಲಿ ಮೊಬೈಲು ಇರುವ ಯಾವ ಮನೆಗೂ ಇದು ಕಷ್ಟವಲ್ಲ. ಕರ್ತವ್ಯ ತಪ್ಪಿದ ದಲ್ಲಾಳಿಯ ಮೇಲೆ ಅದೇ ಪ್ರಾಧಿಕಾರಕ್ಕೆ ದೂರು ಕೊಡಬಹುದು.

ಆದರೆ ಒಂದು ಮಾತನ್ನು ಮರೆಯಕೂಡದು. ಕೌಲ್‌ಬಜಾರಿನ ಹಳೆಯ ಮನೆಯನ್ನು ಒಬ್ಬ ಗೃಹಸ್ಥನಿಂದ ಇನ್ನೊಬ್ಬನು ಕೊಳ್ಳುವಾಗ, ಸಿರುಗುಪ್ಪದ ಗದ್ದೆಯನ್ನು ರೈತನಿಂದ ರೈತನು ಕೊಳ್ಳುವಾಗ, ಈ ಹೊಸ ಕಾಯಿದೆಯ ಆಸರೆಯಿಲ್ಲ. ಅಲ್ಲಿ ನಮ್ಮನ್ನು ಕಾಯುವುದು ಮೇಲೆ ಹೇಳಿದ ಹಳೆಯ ಕಾಯಿದೆಗಳು, ನಾವು ಬರೆಯಿಸಿಕೊಂಡ ಕಾಗದ, ನಾವು ಕೇಳಿದ ಪ್ರಶ್ನೆ.

ಹಣದ ಮಾತು

ದಸ್ತೂರಿಯ ದರವನ್ನು ಆ ಕಾಯಿದೆಯು ಗೊತ್ತುಮಾಡಿಲ್ಲ. ಆದುದರಿಂದ ಎಷ್ಟು, ಯಾರಿಂದ, ಯಾವಾಗ ಎಂಬ ಮೂರನ್ನೂ ಮೊದಲೇ ಒಂದು ಕಾಗದದಲ್ಲಿ ಬರೆದು ಇಬ್ಬರೂ ರುಜು ಹಾಕಿರಿ. ಬೇರೆ ಒಪ್ಪಂದವಿಲ್ಲದಿದ್ದರೆ ಏಜೆಂಟನ ಕೂಲಿಯು ಕೆಲಸ ಮುಗಿದ ಮೇಲೆಯೇ ಸಲ್ಲುವುದೆಂಬುದು ಕಾನೂನಿನ ಸಾಮಾನ್ಯ ನಿಯಮ. ಸಂಚಕಾರವನ್ನು ದಲ್ಲಾಳಿಯ ಕೈಯಲ್ಲಿ ಕೊಡದೆ ಒಡೆಯನ ಬ್ಯಾಂಕಿನ ಖಾತೆಗೇ ಹಾಕಿರಿ. ಸ್ಥಿರಾಸ್ತಿಯ ಮುಂಗಡವಾಗಿ ೨೦,೦೦೦ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ತೆಗೆದುಕೊಳ್ಳುವುದನ್ನು ೨೦೧೫ರಲ್ಲಿಯೇ ಆದಾಯ ತೆರಿಗೆಯ ಕಾಯಿದೆಗೆ ತಿದ್ದುಪಡಿ ತಂದು ನಿಷೇಧಿಸಿದೆ. “ನೋಂದಣಿ ಏಕೆ, ಜನರಲ್ ಪವರ್ ಬರೆಯಿಸಿಕೊಳ್ಳಿ, ಖರ್ಚು ಉಳಿಯುತ್ತದೆ” ಎಂಬ ಉಪದೇಶವನ್ನು ಕೇಳಲೇಬೇಡಿರಿ. ಅಧಿಕಾರಪತ್ರದಿಂದ ಒಡೆತನವು ವರ್ಗವಾಗದೆಂದು ೨೦೧೧ರಲ್ಲಿ ಸುಪ್ರೀಂ ಕೋರ್ಟು ಖಂಡಿತವಾಗಿ ಹೇಳಿದೆ.

ಗೃಹಸ್ಥನ ಕರ್ತವ್ಯ

ದಲ್ಲಾಳಿಯ ಕರ್ತವ್ಯವನ್ನೇ ಹೇಳಿ ಗೃಹಸ್ಥನದನ್ನು ಬಿಟ್ಟರೆ ನ್ಯಾಯವಾಗದು. ದಲ್ಲಾಳಿಯು ಹತ್ತು ಕಡೆ ತಿರುಗಿ ಸ್ವತ್ತನ್ನು ತೋರಿಸಿದ ಮೇಲೆ, ಕೊಳ್ಳುವವನೂ ಮಾರುವವನೂ ಹಿಂಬಾಗಿಲಿನಿಂದ ಸೇರಿ, ಅವನನ್ನು ಬಿಟ್ಟು ಪತ್ರ ಮಾಡಿಕೊಂಡು, ಅವನ ಕೂಲಿಯನ್ನು ನುಂಗುವುದು ನಮ್ಮಲ್ಲಿ ಅಪರೂಪವಲ್ಲ. ಸಿಕ್ಕಾಗ ಎಲ್ಲಿಂದಲಾದರೂ ಕಸಿದುಕೊಳ್ಳಬೇಕೆಂಬ ಬುದ್ಧಿಯನ್ನು ಅರ್ಧ ದಲ್ಲಾಳಿಗಳಿಗೆ ಕಲಿಸಿದವರು ಇಂಥ ಗೃಹಸ್ಥರೇ. ಪತ್ರದಲ್ಲಿ ಕಡಮೆ ಬೆಲೆಯನ್ನು ಬರೆಯಿಸಿ ಮುದ್ರಾಂಕದ ಹಣವನ್ನು ಉಳಿಸಿಕೊಡೆಂದು ಅವನನ್ನು ಪೀಡಿಸುವವರೂ ನಾವೇ. ಸರಕಾರಕ್ಕೆ ಸುಳ್ಳು ಹೇಳಿಕೊಡೆಂದು ಕೇಳಿದವನು, ಆ ಬಾಯಿ ತನಗೆ ಮಾತ್ರ ಸತ್ಯವನ್ನೇ ನುಡಿಯಲಿ ಎಂದು ಹೇಗೆ ಬಯಸಬಹುದು?

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಪ್ರಾಮಾಣಿಕರಾದ ದಲ್ಲಾಳಿಗಳಿಲ್ಲವೆಂದು ನಾವು ಹೇಳುವುದಿಲ್ಲ. “ಈ ಜಾಗ ನಿಮಗೆ ಬೇಡಿ, ಅಕ್ಕತಂಗಿಯರ ತಕರಾರಿದೆ” ಎಂದು ಹೇಳಿ ತನ್ನ ದಸ್ತೂರಿಯನ್ನು ತಾನೇ ಕಳೆದುಕೊಳ್ಳುವವನು ಸಿಕ್ಕರೆ ಅವನನ್ನು ಬಿಡಬೇಡಿರಿ. ಅವನ ಕೂಲಿಯಲ್ಲಿ ಒಂದು ರೂಪಾಯಿಯನ್ನೂ ಕಡಿಯಬೇಡಿರಿ. ನಾಲ್ಕು ಜನ ನೆಂಟರಿಗೆ ಅವನ ಹೆಸರನ್ನು ಹೇಳಿರಿ. ಉಳಿದವರನ್ನು ಗುರುತಿಸುವ ಬಗೆಯೂ ಸುಲಭವೇ. ಮುಂದಿನ ಬಾರಿ ಮನೆಗೆ ದಲ್ಲಾಳಿ ಬಂದಾಗ ಚಹಾ ಕೊಟ್ಟು, ಮನೆಯ ಹೆಂಗಸರನ್ನೂ ಕೂರಿಸಿಕೊಂಡು, ಐದು ಪ್ರಶ್ನೆಗಳನ್ನು ಕೇಳಿರಿ: ನೀವು ಯಾರ ಕಡೆಯವರು? ಯಾರಿಂದ ಎಷ್ಟು ಪಡೆಯುತ್ತೀರಿ? ಈ ಸ್ವತ್ತಿನಲ್ಲಿ ನಿಮ್ಮದಾಗಲಿ ನಿಮ್ಮವರದಾಗಲಿ ಪಾಲಿದೆಯೆ? ಇದರಲ್ಲಿ ನಿಮಗೆ ತಿಳಿದ ದೋಷವೇನು? ಇವನ್ನೆಲ್ಲ ಬರೆದು ರುಜು ಹಾಕುವಿರಾ? ಸತ್ಯವಂತನು ನಾಲ್ಕಕ್ಕೆ ಉತ್ತರ ಕೊಟ್ಟು ಐದನೆಯದಕ್ಕೆ ಲೇಖನಿಯನ್ನು ಕೇಳುವನು. ಚಹಾ ಕುಡಿಯದೆ ಎ‌ದ್ದುಹೋದವನನ್ನು ತಡೆಯುವ ಕಾರಣವಿಲ್ಲ.